ಫ್ರಾನ್ಸಿನ ಹೆಣ್ಣು, ಸ್ಕಾಟ್ಲೆಂಡಿನ ಸಿಂಹಾಸನ: 1530ರ ದಶಕದ ರಾಜವಿವಾಹಗಳ ಕಾಗದಪತ್ರ ಓದುವ ಕ್ರಮ

ಪುನರುಜ್ಜೀವನದ ಕಾಲದಲ್ಲಿ ಫ್ರಾನ್ಸಿನಿಂದ ಹೊರಟು ಸ್ಕಾಟ್ಲೆಂಡಿನ ರಾಣಿಯರಾದವರು ಇಬ್ಬರೇ: ಫ್ರೆಂಚ್ ದೊರೆ ಒಂದನೆಯ ಫ್ರಾಂಸ್ವಾನ ಮಗಳು ಮದ್ಲೆನ್ ಮತ್ತು ಗೀಜ್ ಎಂಬ ಡ್ಯೂಕ್ ಮನೆತನದ ಮೇರಿ. ಇಬ್ಬರಿಗೂ ಗಂಡ ಒಬ್ಬನೇ, ಸ್ಕಾಟ್ಲೆಂಡಿನ ದೊರೆ ಐದನೆಯ ಜೇಮ್ಸ್. ಎರಡು ಮದುವೆಗಳ ನಡುವೆ ಒಂದೂವರೆ ವರ್ಷದ ಅಂತರವೂ ಇಲ್ಲ. ಚಿಕ್ಕ ವಿಷಯ, ಸುಲಭ ಎಂದು ಕೈಹಾಕಿದವರು ಹೆಸರು, ತಾರೀಕು, ಹಣ ಮೂರರಲ್ಲೂ ಎಡವುತ್ತಾರೆ. ಲೇಖನಕ್ಕೋ ಕಾದಂಬರಿಗೋ ವಿಕಿಪೀಡಿಯ ಪುಟಕ್ಕೋ ಈ ಮದುವೆಗಳನ್ನು ಬಳಸಿಕೊಳ್ಳಬೇಕೆನ್ನುವವರಿಗೆ ಕೆಲಸದ ಕ್ರಮ ಇಲ್ಲಿದೆ.

ಮೊದಲೇ ಒಂದು ಮಾತು. ಇವನ್ನು ಪ್ರೇಮಕಥೆಯಾಗಿ ಓದಲು ಹೊರಟರೆ ನಾಲ್ಕು ಪುಟಕ್ಕೆ ಸರಕು ಮುಗಿಯುತ್ತದೆ. ಕರಾರುಪತ್ರವಾಗಿ ಓದಿ. ಅದರಲ್ಲೂ ‘ಗಂಡ ಮೊದಲು ತೀರಿಕೊಂಡರೆ’ ಎಂಬ ಷರತ್ತನ್ನು ಎಲ್ಲಕ್ಕಿಂತ ಮೊದಲು ಓದಿ. ಮೇರಿ ಸ್ಕಾಟ್ಲೆಂಡಿನಲ್ಲಿ ಕಳೆದ ಇಪ್ಪತ್ತೆರಡು ವರ್ಷ ನಿಂತಿರುವುದು ಆ ಒಂದು ಷರತ್ತಿನ ಮೇಲೆ.

ಹೆಸರುಗಳನ್ನು ಹದಕ್ಕೆ ತನ್ನಿ

ಒಂದು ಹಾಳೆ ತೆಗೆದುಕೊಂಡು ಮೂರು ಅಂಕಣ ಎಳೆಯಿರಿ: ತವರಿನ ಹೆಸರು, ಗಂಡನಿಂದ ಬಂದ ಬಿರುದು, ದಾಖಲೆಯಲ್ಲಿ ಕಾಣುವ ಹೆಸರು. ಫ್ರಾನ್ಸಿನ ದೊಡ್ಡ ಮನೆತನದ ಹೆಣ್ಣುಮಕ್ಕಳು ಮದುವೆಯಾದ ಮೇಲೂ ತವರಿನ ಹೆಸರು ಬಿಡುತ್ತಿರಲಿಲ್ಲ. ಅದರ ಜೊತೆಗೆ ಗಂಡನ ಬಿರುದೂ ಸೇರಿಕೊಳ್ಳುತ್ತಿತ್ತು. ಹೀಗಾಗಿ ಒಬ್ಬಳೇ ಹೆಂಗಸು ಒಂದು ಕಾಗದದಲ್ಲಿ ‘ಗೀಜ್ ಮೇರಿ’, ಇನ್ನೊಂದರಲ್ಲಿ ‘ಲೊರೇನ್ ಮೇರಿ’ (ಗೀಜ್ ಮನೆತನ ಲೊರೇನ್ ಮನೆತನದ ಕವಲು), ಮತ್ತೊಂದರಲ್ಲಿ ‘ಮದಾಮ್ ದ ಲೋಂಗ್‌ವಿಲ್’. ಕೊನೆಯದು ಅವಳ ಮೊದಲ ಗಂಡನ ಬಿರುದು. 1534ರ ಆಗಸ್ಟ್‌ನಲ್ಲಿ ಅವಳು ಲೋಂಗ್‌ವಿಲ್‌ನ ಡ್ಯೂಕ್ ಲೂಯಿಯನ್ನು ಮದುವೆಯಾದಳು. 1537ರ ಜೂನ್‌ನಲ್ಲಿ ಅವನು ತೀರಿಕೊಂಡ. 1537–38ರ ಪತ್ರಗಳಲ್ಲಿ ಮದುವೆಯ ಮಾತು ನಡೆಯುತ್ತಿರುವುದು ಬಹಳಷ್ಟು ಕಡೆ ‘ಮದಾಮ್ ದ ಲೋಂಗ್‌ವಿಲ್’ ಹೆಸರಿನಲ್ಲಿ. ಹುಡುಕುಪೆಟ್ಟಿಗೆಯಲ್ಲಿ ‘ಗೀಜ್’ ಎಂದಷ್ಟೇ ಹಾಕಿದರೆ ಅರ್ಧ ಪತ್ರಗಳು ಕೈತಪ್ಪುತ್ತವೆ.

ಈ ಕಥೆಯಲ್ಲಿ ಮೇರಿಯರು ಬೇಕಾದಷ್ಟಿದ್ದಾರೆ. ಗೀಜ್ ಮೇರಿ, ಅವಳ ಮಗಳು ಸ್ಕಾಟ್ಲೆಂಡಿನ ರಾಣಿ ಮೇರಿ, ಜೇಮ್ಸ್ ಬೇಡವೆಂದು ಬಿಟ್ಟ ಬೂರ್ಬೊನ್ ಮೇರಿ, ಎರಡನೆಯ ಜೇಮ್ಸನ ಹೆಂಡತಿ ಗೆಲ್ಡರ್ಸ್ ಮೇರಿ. ಸಾಲದ್ದಕ್ಕೆ ಮಗಳ ಜೊತೆ ಫ್ರಾನ್ಸಿಗೆ ಹೋದ ನಾಲ್ವರು ಗೆಳತಿಯರೂ ಮೇರಿಯರೇ. ಫ್ರೆಂಚ್ ಉಚ್ಚಾರಣೆಗೆ ನಿಷ್ಠರಾಗಿ ಬರೆಯುತ್ತೇವೆಂದು ಹೊರಟರೆ ಕನ್ನಡದಲ್ಲಿ ‘ಮಾರಿ’ ಆಗುತ್ತದೆ, ಇಲ್ಲವೇ ‘ಮರಿ’, ಎರಡೂ ಬೇಡ. ‘ಮೇರಿ’ ಎಂದೇ ಇಟ್ಟುಕೊಂಡು ಪ್ರತಿ ಸಲವೂ ಮನೆತನದ ಹೆಸರನ್ನು ಮುಂದೆ ಹಚ್ಚಿ.

ಆಲ್ಬನಿಯ ಡ್ಯೂಕರ ಮನೆಯಲ್ಲಿ ಇನ್ನೂ ಕೆಟ್ಟ ತೊಡಕಿದೆ. ಮೂರನೆಯ ಜೇಮ್ಸನ ತಮ್ಮ ಅಲೆಕ್ಸಾಂಡರ್ 1480ರಲ್ಲಿ ಫ್ರಾನ್ಸಿನಲ್ಲಿ ಆನ್ ದ ಲಾ ತೂರ್ ಎಂಬವಳನ್ನು ಮದುವೆಯಾದ. ಅವರ ಮಗ ಜಾನ್ 1505ರಲ್ಲಿ ಮದುವೆಯಾದದ್ದೂ ಆನ್ ದ ಲಾ ತೂರ್‌ಳನ್ನೇ. ಅಚ್ಚಿನ ತಪ್ಪಲ್ಲ. ಎರಡನೆಯ ಆನ್ ಮೊದಲನೆಯವಳ ಅಣ್ಣತಮ್ಮಂದಿರಲ್ಲಿ ಒಬ್ಬನ ಮಗಳು. ಅಂದರೆ ಜಾನ್ ಸೋದರಮಾವನ ಮಗಳನ್ನು ಕಟ್ಟಿಕೊಂಡ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಜಾನನೇ ಬಾಲಕ ಐದನೆಯ ಜೇಮ್ಸನ ಪರವಾಗಿ ರಾಜ್ಯವಾಳಿದವನು. ಫ್ರಾನ್ಸ್, ಸ್ಕಾಟ್ಲೆಂಡ್ ನಡುವಿನ 1517ರ ಆಗಸ್ಟ್ 26ರ ರೂಆನ್ ಒಪ್ಪಂದದಲ್ಲಿ ಜೇಮ್ಸನಿಗೆ ಫ್ರೆಂಚ್ ರಾಜಕುಮಾರಿಯನ್ನು ಕೊಡುವ ಮಾತು ಬರೆಸಿಕೊಂಡವನೂ ಇವನೇ. ಅವನ ಹೆಂಡತಿಯ ತಂಗಿಯ ಮಗಳು ಮುಂದೆ ಫ್ರಾನ್ಸಿನ ರಾಣಿಯಾದ ಕ್ಯಾಥರೀನ್ ದ ಮೆಡಿಚಿ. ವಂಶವೃಕ್ಷದಲ್ಲಿ ಈ ಇಬ್ಬರು ಆನ್‌ರನ್ನು ಒಬ್ಬಳೆಂದು ಹಿಡಿದರೆ ಮಗ ತಾಯಿಯನ್ನೇ ಮದುವೆಯಾದಂತೆ ಕಾಣುತ್ತದೆ. ಹೆಸರಿನ ಪಕ್ಕ ಮದುವೆಯ ವರ್ಷ ಬರೆದಿಟ್ಟುಕೊಳ್ಳಿ.

ಉಚ್ಚಾರಣೆಯ ವಿಷಯ ಎರಡೇ ಮಾತಿನಲ್ಲಿ: ಗೈಸ್ ಅಲ್ಲ ಗೀಜ್, ಬ್ಲಾಯ್ಸ್ ಅಲ್ಲ ಬ್ಲ್ವಾ, ಸ್ಕಾಟ್ಲೆಂಡಿನ ಬಂದರು ಕಿರ್ಕ್‌ಕಾಲ್ಡಿ ಅಲ್ಲ ಕರ್ಕಾಡಿ.

ತಾರೀಕು: ಹೆಚ್ಚು ತಪ್ಪು ಆಗುವ ಜಾಗ

ಮದ್ಲೆನ್ ಮತ್ತು ಜೇಮ್ಸ್ ಮದುವೆ ಪ್ಯಾರಿಸ್ಸಿನ ನೋತ್ರ್ ದಾಮ್‌ನಲ್ಲಿ 1537ರ ಜನವರಿ 1ರಂದು ನಡೆಯಿತು. ಆದರೆ ಆ ಕಾಲದ ಕಾಗದದಲ್ಲಿ ನಿಮಗೆ ಸಿಗುವುದು ‘1536 ಜನವರಿ 1’. ಎರಡೂ ಸರಿ. ಸ್ಕಾಟ್ಲೆಂಡಿನಲ್ಲಿ ಆಗ ಹೊಸ ವರ್ಷ ಮಾರ್ಚ್ 25ಕ್ಕೆ ಶುರು. ಫ್ರಾನ್ಸಿನ ಆಸ್ಥಾನದಲ್ಲಿ ಈಸ್ಟರ್ ಹಬ್ಬಕ್ಕೆ ಶುರು, ಅದು ವರ್ಷವರ್ಷವೂ ಬೇರೆ ದಿನ. ಜನವರಿ 1ಕ್ಕೆ ಬಂದದ್ದು ಸ್ಕಾಟ್ಲೆಂಡಿನಲ್ಲಿ 1600ರಿಂದ. ಫ್ರಾನ್ಸಿನಲ್ಲಿ 1564ರ ರೂಸಿಯೋಂ ರಾಜಾಜ್ಞೆಯ ನಂತರ.

ಹಾಗಾಗಿ ಯಾವ ತಾರೀಕು ಸಿಕ್ಕರೂ ಮೊದಲು ತಿಂಗಳು ನೋಡಿ. ಮೇ ತಿಂಗಳಿಂದ ಡಿಸೆಂಬರ್ ತನಕ ಇದ್ದರೆ ತಲೆಕೆಡಿಸಿಕೊಳ್ಳಬೇಡಿ, ಎರಡೂ ದೇಶದಲ್ಲಿ ವರ್ಷ ನಮ್ಮದೇ. ಜನವರಿ 1ರಿಂದ ಮಾರ್ಚ್ 24ರ ಒಳಗಿದ್ದರೆ ಎರಡೂ ದೇಶದ ಕಾಗದಕ್ಕೆ ಒಂದು ವರ್ಷ ಕೂಡಿಸಬೇಕು. ಈಸ್ಟರ್ ಮಾರ್ಚ್ 22ರಿಂದ 24ರೊಳಗೆ ಬೀಳುವ ಅಪರೂಪದ ವರ್ಷ ಮಾತ್ರ ಫ್ರಾನ್ಸಿಗೆ ಅಪವಾದ. ಮಾರ್ಚ್ 25ರಿಂದ ಏಪ್ರಿಲ್ 25ರ ನಡುವಿನದು ಅಪಾಯದ ವಲಯ: ಸ್ಕಾಟ್ಸ್ ಕಾಗದವಾದರೆ ಹಾಗೇ ಬಿಡಿ, ಫ್ರೆಂಚ್ ಕಾಗದವಾದರೆ ಆ ವರ್ಷದ ಈಸ್ಟರ್ ಎಂದು ನೋಡಿ. 1537ರಲ್ಲಿ ಈಸ್ಟರ್ ಏಪ್ರಿಲ್ 1, 1538ರಲ್ಲಿ ಏಪ್ರಿಲ್ 21, 1558ರಲ್ಲಿ ಏಪ್ರಿಲ್ 10.

1558 ಯಾಕೆ ಬೇಕು? ಗೀಜ್ ಮೇರಿಯ ಮಗಳು ಫ್ರಾನ್ಸಿನ ಯುವರಾಜನನ್ನು ಮದುವೆಯಾದದ್ದು ಆ ವರ್ಷ ಏಪ್ರಿಲ್ 24ರಂದು. ಎಲ್ಲರೆದುರು ಮಾಡಿಕೊಂಡ ಕರಾರು ಏಪ್ರಿಲ್ 19ರದು. ಆದರೆ ಅದಕ್ಕೂ ಮುಂಚೆ, ಏಪ್ರಿಲ್ 4ರಂದು, ಹದಿನೈದು ವರ್ಷದ ಆ ಹುಡುಗಿಯಿಂದ ಗುಟ್ಟಾಗಿ ಮೂರು ಪತ್ರಗಳಿಗೆ ಸಹಿ ಹಾಕಿಸಿಕೊಂಡಿದ್ದರು: ಮಕ್ಕಳಿಲ್ಲದೆ ಸತ್ತರೆ ಸ್ಕಾಟ್ಲೆಂಡ್ ಫ್ರೆಂಚ್ ದೊರೆಗೆ ಸೇರಬೇಕು, ಫ್ರಾನ್ಸ್ ಮಾಡಿದ ಖರ್ಚು ತೀರುವ ತನಕ ರಾಜ್ಯದ ಆದಾಯ ಅಡವು, ಇದಕ್ಕೆ ವಿರುದ್ಧವಾಗಿ ಬೇರೆಲ್ಲಿ ಒಪ್ಪಿಕೊಂಡರೂ ಅದು ಲೆಕ್ಕಕ್ಕಿಲ್ಲ. ಏಪ್ರಿಲ್ 4 ಈಸ್ಟರಿಗಿಂತ ಮುಂಚೆ. ಆದ್ದರಿಂದ ಫ್ರೆಂಚ್ ಲೆಕ್ಕದಲ್ಲಿ ಗುಟ್ಟಿನ ಪತ್ರಗಳು 1557ರವು, ಬಹಿರಂಗ ಕರಾರು 1558ರದು. ನಡುವೆ ಇರುವುದು ಹದಿನೈದು ದಿನ. ಬರಿಗಣ್ಣಿಗೆ ಒಂದು ವರ್ಷ.

ಬರೆಯುವಾಗ ‘1536/37’ ಎಂದು ಓರೆಗೆರೆ ಹಾಕಿ ಎರಡೂ ವರ್ಷ ತೋರಿಸುವುದು ಒಳ್ಳೆಯ ರೂಢಿ. ಜೂಲಿಯನ್‌, ಗ್ರೆಗೋರಿಯನ್ ನಡುವಿನ ಹತ್ತು ದಿನದ ವ್ಯತ್ಯಾಸವನ್ನು ಇಲ್ಲಿ ತರಬೇಡಿ; ಅದು 1582ರ ಮೇಲಿನ ಮಾತು.

ಇನ್ನೊಂದು ಸಣ್ಣ ಪರೀಕ್ಷೆ. ನಮ್ಮ ಆಷಾಢದ ಹಾಗೆ ಅಲ್ಲೂ ಮದುವೆ ಕೂಡದ ಕಾಲಗಳಿದ್ದವು: ಕ್ರಿಸ್‌ಮಸ್ ಮುಂಚಿನ ನಾಲ್ಕು ಭಾನುವಾರಗಳಿಂದ ಜನವರಿ ನಡುವಿನ ತನಕ, ಈಸ್ಟರ್ ಮುಂಚಿನ ಉಪವಾಸದಿಂದ ಈಸ್ಟರ್ ಆಗಿ ಎಂಟು ದಿನದ ತನಕ. 1558ರಲ್ಲಿ ಆ ಎಂಟು ದಿನ ಮುಗಿದದ್ದು ಏಪ್ರಿಲ್ 17ಕ್ಕೆ. ಕರಾರು 19ಕ್ಕೆ, ಮದುವೆ 24ರ ಭಾನುವಾರ. ಜನವರಿ 1ರ ಮದುವೆ ಮಾತ್ರ ನಿಷೇಧದ ಕಾಲದ ನಟ್ಟನಡುವೆ ಬೀಳುತ್ತದೆ. ಅಂಥದ್ದಕ್ಕೆ ಚರ್ಚಿನ ವಿಶೇಷ ಅಪ್ಪಣೆ ಬೇಕು.

ನಂಟಸ್ತಿಕೆಯ ಲೆಕ್ಕ

ರಾಜಮನೆತನಗಳೆಲ್ಲ ಒಂದಕ್ಕೊಂದು ನೆಂಟರೇ. ಚರ್ಚಿನ ನಿಯಮ, 1215ರ ಲ್ಯಾಟರನ್ ಸಭೆಯಿಂದ ಈಚೆಗೆ, ನಾಲ್ಕನೆಯ ಹಂತದೊಳಗಿನ ರಕ್ತಸಂಬಂಧದಲ್ಲಿ ಮದುವೆ ಕೂಡದು ಎಂಬುದು; ಬೇಕೇ ಬೇಕೆಂದರೆ ಪೋಪರ ಅನುಮತಿ ತರಬೇಕು. ಎಣಿಸುವ ಬಗೆ ಹೀಗೆ: ಇಬ್ಬರಿಗೂ ಸಮಾನನಾದ ಪೂರ್ವಜನನ್ನು ಹಿಡಿಯಿರಿ. ಅವನನ್ನು ಬಿಟ್ಟು ಅವನ ಮಕ್ಕಳು 1, ಮೊಮ್ಮಕ್ಕಳು 2, ಹೀಗೆ ಇಳಿಯುತ್ತಾ ಬನ್ನಿ. ಎರಡು ಸಾಲುಗಳಲ್ಲಿ ಒಂದು ಉದ್ದವಿದ್ದರೆ ಉದ್ದದ್ದರ ಸಂಖ್ಯೆಯೇ ಲೆಕ್ಕ. ಎರಡು ಸಾಲುಗಳನ್ನೂ ಕೂಡಿಸಬಾರದು. ಕೂಡಿಸುವುದು ರೋಮನ್ ಕಾನೂನಿನ ಪದ್ಧತಿ. ಸಾಮಾನ್ಯವಾಗಿ ತಪ್ಪುವುದು ಇಲ್ಲೇ.

ಮಾಡಿ ನೋಡಿ. ಗೆಲ್ಡರ್ಸ್‌ನ ಡ್ಯೂಕ್ ಆರ್ನಾಲ್ಡ್‌ನಿಗೆ ಮೇರಿ ಎಂಬ ಮಗಳು, ಅಡಾಲ್ಫ್ ಎಂಬ ಮಗ. ಗೆಲ್ಡರ್ಸ್ ಮೇರಿ 1449ರಲ್ಲಿ ಎರಡನೆಯ ಜೇಮ್ಸನನ್ನು ಮದುವೆಯಾದಳು. ಅವಳ ಮಗ ಮೂರನೆಯ ಜೇಮ್ಸ್, ಮೊಮ್ಮಗ ನಾಲ್ಕನೆಯ ಜೇಮ್ಸ್, ಮರಿಮಗ ನಮ್ಮ ಐದನೆಯ ಜೇಮ್ಸ್. ಆ ಕಡೆ ಅಡಾಲ್ಫನ ಮಗಳು ಫಿಲಿಪ್ಪಾ, ಅವಳ ಮಗ ಗೀಜ್‌ನ ಡ್ಯೂಕ್ ಕ್ಲೋದ್, ಅವನ ಮಗಳು ಗೀಜ್ ಮೇರಿ. ಎರಡೂ ಕಡೆ ನಾಲ್ಕು. ಗಡಿಯ ಒಳಗೇ ಬಿತ್ತು, ಅನುಮತಿ ಬೇಕು. ಇನ್ನೊಬ್ಬ ಪೂರ್ವಜನ ಮೂಲಕ ಹತ್ತಿರದ ಸಂಬಂಧ ಸಿಕ್ಕರೆ ಅದನ್ನೂ ಬೇರೆಯಾಗಿ ಎಣಿಸಬೇಕು. ಒಂದು ದಾರಿ ಸಿಕ್ಕ ಕೂಡಲೇ ನಿಲ್ಲಿಸಬೇಡಿ.

ರಕ್ತದ ಜೊತೆ ಇನ್ನೆರಡು ಅಡ್ಡಿಗಳಿದ್ದವು. ಒಂದು, ತೀರಿಕೊಂಡ ಹೆಂಡತಿಯ ಅಥವಾ ಗಂಡನ ನೆಂಟರನ್ನು ಮದುವೆಯಾಗುವುದು. ಇನ್ನೊಂದು, ನಿಶ್ಚಿತಾರ್ಥ ಮುರಿದವಳ ನೆಂಟರನ್ನು ಮದುವೆಯಾಗುವುದು. ಎರಡನೆಯದನ್ನು ಜನ ಮರೆಯುತ್ತಾರೆ. 1536ರಲ್ಲಿ ಜೇಮ್ಸನಿಗೆ ಗೊತ್ತುಮಾಡಿದ್ದ ಹುಡುಗಿ ವಾಂದೋಮ್‌ನ ಡ್ಯೂಕ್ ಶಾರ್ಲನ ಮಗಳು ಬೂರ್ಬೊನ್ ಮೇರಿ. ಜೇಮ್ಸ್ ಫ್ರಾನ್ಸಿಗೆ ಬಂದು ನೋಡಿ, ಒಲ್ಲೆ ಎಂದು, ದೊರೆಮಗಳು ಮದ್ಲೆನ್‌ಳನ್ನೇ ಕೇಳಿದ. ಗೀಜ್ ಮೇರಿಯ ತಾಯಿ ಆಂತ್ವನೆತ್ ಈ ಶಾರ್ಲನ ಒಡಹುಟ್ಟಿದವಳು. ಅಂದರೆ ಬಿಟ್ಟ ಹೆಣ್ಣಿಗೂ ಕಡೆಗೆ ಕಟ್ಟಿಕೊಂಡ ಹೆಣ್ಣಿಗೂ ಅಜ್ಜ ಒಬ್ಬನೇ. ವಂಶವೃಕ್ಷದಲ್ಲಿ ಬೂರ್ಬೊನ್ ಮೇರಿಯನ್ನು ‘ಸೋತವಳು’ ಎಂದು ಬದಿಗಿಡದೆ ಸಾಲಿನಲ್ಲೇ ಕೂರಿಸಿ.

ಹಣ: ಬಳುವಳಿ ಎಷ್ಟು, ಯಾವ ನಾಣ್ಯದಲ್ಲಿ

ಸ್ಕಾಟ್ಸ್ ಭಾಷೆಯಲ್ಲಿ ಹೆಣ್ಣಿನ ಕಡೆಯಿಂದ ಬರುವ ಹಣಕ್ಕೆ ‘ಟಾಖರ್’ ಎನ್ನುತ್ತಾರೆ. ಕನ್ನಡದಲ್ಲಿ ‘ವರದಕ್ಷಿಣೆ’ ಎಂದು ಬರೆದರೆ ಇವತ್ತಿನ ಕಾನೂನಿನ ವಾಸನೆ ಹತ್ತುತ್ತದೆ. ಹಳೆಯ ‘ಬಳುವಳಿ’ಯೇ ಇಲ್ಲಿಗೆ ಒಪ್ಪುತ್ತದೆ. ಇದಕ್ಕೆ ಎದುರಾಗಿ ಗಂಡಿನ ಕಡೆಯವರು ಹೆಂಡತಿಯ ವೈಧವ್ಯಕ್ಕೆಂದು ಮೊದಲೇ ಬರೆದುಕೊಡುವ ಭೂಮಿ, ಕೋಟೆ, ಗೇಣಿಗೆ ಇಂಗ್ಲಿಷಿನಲ್ಲಿ ‘ಜಾಯಿಂಚರ್’. ‘ಜೀವನಾಂಶದ ಜಹಗೀರು’ ಎಂದರೆ ಅರ್ಥವಾಗುತ್ತದೆ. ಇವೆರಡನ್ನು ಕಲಸಿಬಿಟ್ಟರೆ ಹಣ ಯಾವ ದಿಕ್ಕಿಗೆ ಹರಿಯಿತೆಂಬುದೇ ತಲೆಕೆಳಗಾಗುತ್ತದೆ.

ಈಗ ಅಂಕಿ. 1536ರ ನವೆಂಬರ್ 26ರಂದು ಬ್ಲ್ವಾದಲ್ಲಿ ಆದ ಕರಾರಿನಲ್ಲಿ ಮದ್ಲೆನ್ ಬಳುವಳಿ 1,00,000 ಚಿನ್ನದ ಎಕ್ಯು. 1538ರ ಜನವರಿಯಲ್ಲಿ ಮುಗಿದ ಕರಾರಿನಲ್ಲಿ ಗೀಜ್ ಮೇರಿಯದು 1,50,000 ಲಿವ್ರ್. ಅಂಕಿ ಮಾತ್ರ ನೋಡಿದವರು ‘ಡ್ಯೂಕನ ಮಗಳಿಗೆ ದೊರೆಮಗಳಿಗಿಂತ ಹೆಚ್ಚು ಕೊಟ್ಟರು’ ಎಂದು ಬರೆದುಬಿಡುತ್ತಾರೆ. ನಾಣ್ಯ ಬೇರೆ. ಲಿವ್ರ್ ಲೆಕ್ಕದ ಹಣ, ಕೈಯಲ್ಲಿ ಹಿಡಿಯುವ ನಾಣ್ಯವಲ್ಲ: 12 ದೆನಿಯೆಗೆ 1 ಸೂ, 20 ಸೂಗೆ 1 ಲಿವ್ರ್. ಎಕ್ಯು ನಿಜವಾದ ಚಿನ್ನದ ನಾಣ್ಯ. 1530ರ ದಶಕದ ನಡುವಿನಿಂದ ಅದರ ಸರ್ಕಾರಿ ದರ 45 ಸೂ. 1,00,000 ಎಕ್ಯು × 45 = 45,00,000 ಸೂ; 20ರಿಂದ ಭಾಗಿಸಿದರೆ 2,25,000 ಲಿವ್ರ್. ಮದ್ಲೆನ್‌ಳದು ಮೇರಿಯದರ ಒಂದೂವರೆ ಪಟ್ಟು. ಎರಡೂ ಸೇರಿ 3,75,000 ಲಿವ್ರ್ ಜೇಮ್ಸನ ಪಾಲಿಗೆ. ಹಳೆಯ ಕಾಗದಗಳಲ್ಲಿ ಲಿವ್ರ್ ಬದಲು ‘ಫ್ರಾಂಕ್’ ಎಂದಿದ್ದರೆ ಗಾಬರಿ ಬೇಡ, ಆಗ ಎರಡೂ ಒಂದೇ. ‘ಕ್ರೌನ್ ಆಫ್ ದಿ ಸನ್’ ಎಂದಿದ್ದರೆ ಅದು ಸೂರ್ಯಮುದ್ರೆಯ ಎಕ್ಯು.

ಸ್ಕಾಟ್ಲೆಂಡಿನ ಪೌಂಡಿಗೆ ಇಳಿಸಬೇಕೆಂದರೆ ಇನ್ನೊಂದು ಎಚ್ಚರ. ಸ್ಕಾಟಿಷ್ ಪೌಂಡ್ ಬೇರೆ, ಇಂಗ್ಲೆಂಡಿನ ಸ್ಟರ್ಲಿಂಗ್ ಬೇರೆ. 1540ರ ಸುಮಾರಿಗೆ ಒಂದು ಸ್ಟರ್ಲಿಂಗ್‌ಗೆ ಸುಮಾರು ನಾಲ್ಕು ಸ್ಕಾಟಿಷ್ ಪೌಂಡ್. ಒಂದು ಲಿವ್ರ್ ಸ್ಕಾಟಿಷ್ ಪೌಂಡಿನ ಅರ್ಧಕ್ಕೂ ತುಸು ಕಡಿಮೆ. ‘ಮರ್ಕ್’ ಬಂದರೆ ಪೌಂಡಿನ ಮೂರರಲ್ಲಿ ಎರಡು ಪಾಲು, ಅಂದರೆ 13 ಶಿಲಿಂಗ್ 4 ಪೆನ್ನಿ. ಇವತ್ತಿನ ರೂಪಾಯಿಗೆ ತಿರುಗಿಸುವ ಗೋಜಿಗೆ ಹೋಗಬೇಡಿ. ಅಂಥ ಅಂಕಿಗೆ ಬೆಲೆಯಿಲ್ಲ. ಎರಡು ಬಳುವಳಿಗಳನ್ನು ಒಂದಕ್ಕೊಂದು ಹೋಲಿಸಿ, ಇಲ್ಲವೇ ಒಂದು ಬಳುವಳಿಯನ್ನು ರಾಜ್ಯದ ವರ್ಷದ ಆದಾಯಕ್ಕೆ ಹೋಲಿಸಿ.

ಕರಾರಿನಲ್ಲಿ ಬರೆದ ಮೊತ್ತ ಒಂದೇ ಗಂಟಿನಲ್ಲಿ ಬಂತೆಂದು ತಿಳಿಯಬೇಡಿ. ಕಂತು, ಕೊಡುವವರು ಯಾರು, ಹೆಣ್ಣು ಮಕ್ಕಳಿಲ್ಲದೆ ಸತ್ತರೆ ಹಿಂದಿರುಗಿಸಬೇಕೇ ಎಂಬ ಮೂರನ್ನು ಬೇರೆ ಬೇರೆ ಗುರುತುಮಾಡಿ. ಮೇರಿಯ ಮೊತ್ತದಲ್ಲಿ ತಂದೆಯದೊಂದು ಪಾಲಾದರೆ ದೊರೆ ಫ್ರಾಂಸ್ವಾನದೊಂದು ಪಾಲು. ಅವಳನ್ನು ಸ್ವಂತ ಮಗಳ ಸ್ಥಾನದಲ್ಲಿಟ್ಟು ಕೊಟ್ಟದ್ದು. ಇದು ಔದಾರ್ಯ ಅಷ್ಟೇ ಅಲ್ಲ. 1537ರ ಅಕ್ಟೋಬರ್‌ನಲ್ಲಿ ಹೆಂಡತಿ ಜೇನ್ ಸೀಮೋರ್ ತೀರಿಕೊಂಡ ಮೇಲೆ ಇಂಗ್ಲೆಂಡಿನ ಎಂಟನೆಯ ಹೆನ್ರಿಯೂ ಇದೇ ವಿಧವೆಗೆ ಕಣ್ಣಿಟ್ಟಿದ್ದ. ಸ್ಕಾಟ್ಲೆಂಡ್ ಕೈಬಿಡದಂತೆ ನೋಡಿಕೊಳ್ಳುವುದು ಫ್ರಾಂಸ್ವಾನ ಗರಜು.

ಮೊದಲು ಓದಬೇಕಾದ ಷರತ್ತು

ಜೇಮ್ಸ್ ಮೊದಲು ತೀರಿಕೊಂಡರೆ ಮೇರಿಗೆ ಜೀವವಿರುವ ತನಕ ಸೇರತಕ್ಕದ್ದು: ಫಾಕ್‌ಲಂಡ್ ಅರಮನೆ, ಸ್ಟರ್ಲಿಂಗ್ ಕೋಟೆ, ಡಿಂಗ್‌ವಾಲ್ ಕೋಟೆ, ಥ್ರೀವ್ ಕೋಟೆ ಮತ್ತು ಅವುಗಳಿಗೆ ಸೇರಿದ ಸೀಮೆಗಳ ಗೇಣಿ. ಈ ನಾಲ್ಕನ್ನು ನಕ್ಷೆಯ ಮೇಲೆ ಚುಕ್ಕಿ ಹಾಕಿ ನೋಡಿ. ಫಾಕ್‌ಲಂಡ್ ಪೂರ್ವದ ಫೈಫ್‌ನಲ್ಲಿ, ಸ್ಟರ್ಲಿಂಗ್ ದೇಶದ ನಡುವಿನ ನದಿದಾಟಿನಲ್ಲಿ, ಡಿಂಗ್‌ವಾಲ್ ಉತ್ತರದಲ್ಲಿ, ಥ್ರೀವ್ ನೈಋತ್ಯದ ಗ್ಯಾಲೊವೇಯಲ್ಲಿ. ಒಂದು ಮೂಲೆಗೆ ಸರಿಸಿದ ವಿಧವೆಯ ಪಾಲು ಇದಲ್ಲ; ದೇಶದ ಉದ್ದಗಲಕ್ಕೂ ನೆಟ್ಟ ಕಾಲು.

ಷರತ್ತು ಜಾರಿಗೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. 1542ರ ಡಿಸೆಂಬರ್ 8ಕ್ಕೆ ಲಿನ್‌ಲಿತ್‌ಗೋದಲ್ಲಿ ಮಗಳು ಹುಟ್ಟಿದಳು. 14ಕ್ಕೆ ಫಾಕ್‌ಲಂಡ್‌ನಲ್ಲಿ ಜೇಮ್ಸ್ ತೀರಿಕೊಂಡ. ಅಧಿಕಾರ ಹೋದದ್ದು ಆ್ಯರನ್‌ನ ಅರ್ಲ್ ಕೈಗೆ. ತಾಯಿ ಮಗು ಇಬ್ಬರೂ ಲಿನ್‌ಲಿತ್‌ಗೋದಲ್ಲಿ ಅವನ ಕಣ್ಗಾವಲಿನಲ್ಲಿದ್ದರು. 1543ರ ಜುಲೈ ಕೊನೆಗೆ ಮೇರಿ ಮಗಳನ್ನು ಕರೆದುಕೊಂಡು ಸ್ಟರ್ಲಿಂಗ್‌ಗೆ ಬಂದಳು, ಸೆಪ್ಟೆಂಬರ್ 9ಕ್ಕೆ ಅಲ್ಲೇ ಮಗುವಿಗೆ ಪಟ್ಟಾಭಿಷೇಕ. ಸ್ಟರ್ಲಿಂಗೇ ಏಕೆ? ಗಟ್ಟಿ ಕೋಟೆ ಎಂಬುದು ಅರ್ಧ ಉತ್ತರ. ಐದು ವರ್ಷದ ಹಿಂದಿನ ಕರಾರಿನ ಪ್ರಕಾರ ಅದು ಅವಳ ಸ್ವಂತದ್ದು ಎಂಬುದು ಉಳಿದರ್ಧ. ಜಹಗೀರಿನ ಪಟ್ಟಿಯನ್ನು ಓದದೆ ಈ ಘಟನೆ ಬರೆದವರು ಅವಳ ‘ಧೈರ್ಯ’ವನ್ನು ಹೊಗಳಿ ಮುಂದೆ ಹೋಗುತ್ತಾರೆ.

ಮೊದಲ ಮದುವೆಯ ಕರಾರನ್ನೂ ಬಿಡಬೇಡಿ. ಲೋಂಗ್‌ವಿಲ್ ಡ್ಯೂಕನಿಂದ ಅವಳಿಗೆ 1535ರಲ್ಲಿ ಹುಟ್ಟಿದ ಮಗ ಫ್ರಾಂಸ್ವಾ ತಂದೆಯ ಆಸ್ತಿಗೆ ವಾರಸುದಾರ. ಹಾಗಾಗಿ ಅವನು ತಾಯಿಯ ಜೊತೆ ಹಡಗು ಹತ್ತಲಿಲ್ಲ, ಫ್ರಾನ್ಸಿನಲ್ಲೇ ಅಜ್ಜಿ ಆಂತ್ವನೆತ್ ಬಳಿ ಉಳಿದ. ಅಜ್ಜಿ ಬರೆದ ಪತ್ರಗಳಲ್ಲಿ ಮೊಮ್ಮಗನ ಸುದ್ದಿಯೂ ಸೀಮೆಯ ಲೆಕ್ಕವೂ ಒಟ್ಟಿಗೇ ಬರುತ್ತವೆ. ವಿಧವೆಯ ಮರುಮದುವೆ ಎಂದರೆ ಎರಡು ಮನೆತನದ ಕಡತ ತೆರೆದಿಡಬೇಕು.

ಯಾವುದು ‘ಮದುವೆಯ ದಿನ’?

ಮೇರಿಗೆ ಎರಡು ಸಲ ಮದುವೆಯಾಯಿತು, ಒಬ್ಬನೇ ಗಂಡನ ಜೊತೆ. 1538ರ ಮೇ ತಿಂಗಳಲ್ಲಿ ಶಾತೋದಂ ಕೋಟೆಯಲ್ಲಿ ಪ್ರತಿನಿಧಿಯ ಮೂಲಕ; ಜೇಮ್ಸನ ಜಾಗದಲ್ಲಿ ನಿಂತವನು ಲಾರ್ಡ್ ಮ್ಯಾಕ್ಸ್‌ವೆಲ್. ಜೂನ್ 10ಕ್ಕೆ ಅವಳು ಫೈಫ್ ತೀರದ ಕ್ರೇಲ್ ಬಳಿ ಇಳಿದಳು. ಕೆಲವು ದಿನಗಳಲ್ಲಿ ಸೇಂಟ್ ಆಂಡ್ರೂಸ್‌ನಲ್ಲಿ ಗಂಡನೆದುರು ಎರಡನೆಯ ವಿಧಿ. ಶಾತೋದಂ ತಾರೀಕು ಕೆಲವು ಪುಸ್ತಕಗಳಲ್ಲಿ ಮೇ 9, ಕೆಲವದರಲ್ಲಿ 18. ನಕಲು ಮಾಡುವಾಗ ಯಾವ ವಿಧಿ, ಎಲ್ಲಿ ಎಂದು ಜೊತೆಗೆ ಬರೆಯಿರಿ.

ಕಾನೂನಿನ ಕಣ್ಣಿಗೆ ಮೊದಲನೆಯದೇ ಮದುವೆ. ಚರ್ಚು ನೋಡುತ್ತಿದ್ದದ್ದು ಕ್ರಿಯಾಪದದ ಕಾಲವನ್ನು: ‘ಮದುವೆಯಾಗುತ್ತೇನೆ, ಮುಂದೆ’ ಎಂದರೆ ನಿಶ್ಚಿತಾರ್ಥ, ‘ಈಗಲೇ ವರಿಸಿದ್ದೇನೆ’ ಎಂದರೆ ಮದುವೆ. ಪ್ರತಿನಿಧಿ ಎರಡನೆಯ ಮಾತು ಆಡಿದರೆ ಮುಗಿಯಿತು. ಅವಳು ಆ ಕ್ಷಣದಿಂದ ಸ್ಕಾಟ್ಲೆಂಡಿನ ರಾಣಿ, ಹಡಗು ಹತ್ತುವುದು ರಾಣಿಯಾಗಿಯೇ. ಕಡಲ ಮೇಲೆ ಏನಾದರೂ ಆದರೆ ಬಳುವಳಿ, ಜಹಗೀರಿನ ಪ್ರಶ್ನೆಗಳು ಏಳುವುದೂ ಈ ಕಾರಣಕ್ಕೇ. ಕನ್ನಡದಲ್ಲಿ ಬರೆಯುವಾಗ ಶಾತೋದಂನದ್ದನ್ನು ‘ನಿಶ್ಚಿತಾರ್ಥ’ ಎಂದು ಇಳಿಸಬೇಡಿ.

ಪಟ್ಟಾಭಿಷೇಕ ಮದುವೆಯ ಭಾಗವಲ್ಲ. ಮೇರಿಗೆ ಅದು ಆದದ್ದು 1540ರ ಫೆಬ್ರವರಿ 22ರಂದು ಹೋಲಿರೂಡ್‌ನಲ್ಲಿ, ಬಸುರಿಯಾಗಿದ್ದಾಗ. ಮೊದಲ ಗಂಡುಮಗು ಹುಟ್ಟಿದ್ದು ಮೇ 22ಕ್ಕೆ. ಸ್ಕಾಟ್ಸ್ ಕಡತದಲ್ಲಿ ಈ ಪಟ್ಟಾಭಿಷೇಕ 1539ರದು, ಯಾಕೆಂದು ಈಗ ನಿಮಗೆ ಗೊತ್ತು. ಮದ್ಲೆನ್‌ಳಿಗಂತೂ ಆಗಲೇ ಇಲ್ಲ. 1537ರ ಮೇ 19ಕ್ಕೆ ಲೀತ್ ಬಂದರಿಗೆ ಬಂದವಳು ಜುಲೈ 7ಕ್ಕೆ ಹೋಲಿರೂಡ್‌ನಲ್ಲಿ ತೀರಿಕೊಂಡಳು. ಏಳು ವಾರ, ವಯಸ್ಸು ಹದಿನೇಳೂ ತುಂಬಿರಲಿಲ್ಲ. ಎಡಿನ್‌ಬರೋ ನಗರಪ್ರವೇಶದ ಸಿದ್ಧತೆ ನಡೆದಿತ್ತು. ಆ ಆಗದ ಮೆರವಣಿಗೆಯ ವಿವರವೇ ಕವಿ ಡೇವಿಡ್ ಲಿಂಡ್ಸೆ ಬರೆದ ಶೋಕಗೀತೆಯ ಸರಕಾಯಿತು.

ಖರ್ಚಿನ ಪುಸ್ತಕ

ಭಾವನೆ ಸಿಗದ ಕಡೆ ಬಟ್ಟೆಯ ಬಿಲ್ಲು ಸಿಗುತ್ತದೆ. ಸ್ಕಾಟ್ಲೆಂಡಿನ ಖಜಾನೆ ಅಧಿಕಾರಿಯ ಲೆಕ್ಕಪತ್ರಗಳು ಸಂಪುಟಗಳಾಗಿ ಅಚ್ಚಾಗಿವೆ, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಆರನೆಯ ಸಂಪುಟ 1531–38, ಏಳನೆಯದು 1538–41. ಭಾಷೆ ಸ್ಕಾಟ್ಸ್. ಓದಲು ನಾಲ್ಕು ಕೀಲಿಗಳು ಸಾಕು. ಪ್ರತಿ ನಮೂದೂ ‘ಐಟಂ’ ಎಂದು ಶುರುವಾಗುತ್ತದೆ. ಅಂಕಿಗಳು ರೋಮನ್, ಕೊನೆಯ ‘ಐ’ ಜಾಗದಲ್ಲಿ ‘ಜೆ’ ಇರುತ್ತದೆ: ‘ಐ-ಐ-ಜೆ’ ಎಂದರೆ 3. ಅಂಕಿಯ ತಲೆಯ ಮೇಲೆ ಸಣ್ಣದಾಗಿ ಎರಡು ‘ಎಕ್ಸ್’ ಇದ್ದರೆ ಇಪ್ಪತ್ತರಿಂದ ಗುಣಿಸಿ. ನಾಲ್ಕರ ಮೇಲಿದ್ದರೆ 80. ‘ಎಲ್-ಐ’ ಪೌಂಡ್, ‘ಎಸ್’ ಶಿಲಿಂಗ್, ‘ಡಿ’ ಪೆನ್ನಿ. ಇಂಗ್ಲಿಷಿನಲ್ಲಿ ‘ಡಬ್ಲ್ಯೂ-ಎಚ್’ ಬರುವ ಕಡೆ ಸ್ಕಾಟ್ಸ್‌ನಲ್ಲಿ ‘ಕ್ಯೂ-ಯು-ಎಚ್’ ಬರುತ್ತದೆ. ಗಟ್ಟಿಯಾಗಿ ಓದಿದರೆ ಪದ ತಾನೇ ತಿಳಿಯುತ್ತದೆ.

ಹೆಣ್ಣಿನ ಜೊತೆ ಏನೇನು ಬಂತು ಎಂಬುದನ್ನು ಇಂಥ ಪುಸ್ತಕದಿಂದಲೇ ಕಟ್ಟಬೇಕು. ಮದ್ಲೆನ್ ಮದುವೆಯ ಉಡುಗೊರೆಯಾಗಿ ಫ್ರಾಂಸ್ವಾ ಕೊಟ್ಟ ಹಡಗು ‘ಸ್ಯಾಲಮ್ಯಾಂಡರ್’. ಮೇರಿಯ ತವರಿನಿಂದ ಕಲ್ಲುಕುಟಿಗರು ಬಂದರು, ಸ್ಕಾಟ್ಲೆಂಡಿನ ಕ್ರಾಫರ್ಡ್ ಬಯಲಿನ ಚಿನ್ನ ತೆಗೆಯಲು ಲೊರೇನ್‌ನಿಂದ ಗಣಿಯವರು ಬಂದರು. ಫಾಕ್‌ಲಂಡ್ ಅರಮನೆಯ ಫ್ರೆಂಚ್ ಚಹರೆ ಬರೀ ರಾಣಿಯ ಅಭಿರುಚಿಯಲ್ಲ. ಕೂಲಿ ಪಡೆದ ಫ್ರೆಂಚ್ ಕೈಗಳ ಕೆಲಸ. ಮದ್ಲೆನ್ ಪರಿವಾರದಲ್ಲಿ ಒಬ್ಬ ಹುಡುಗ ಊಳಿಗದವನಿದ್ದ, ಪಿಯೆರ್ ದ ರೋನ್ಸಾರ್. ಮುಂದೆ ಫ್ರಾನ್ಸಿನ ಮಹಾಕವಿ.

ಪರಿವಾರದ ಹೆಣ್ಣುಮಕ್ಕಳನ್ನೂ ಹಿಂಬಾಲಿಸಿ. ಗೀಜ್ ಮೇರಿಯ ಜೊತೆ ಬಂದ ಮೇರಿ ಪಿಯೆರಿಸ್ ಲಾರ್ಡ್ ಸೀಟನ್‌ನನ್ನು ಮದುವೆಯಾದಳು, ಜಾನ್ ದ ಲಾ ರೆನ್‌ವಿಲ್ ಎಂಬವಳು ಕ್ರೀಚ್‌ನ ರಾಬರ್ಟ್ ಬೀಟನ್‌ನನ್ನು. ನಾಲ್ವರು ಮೇರಿಯರಲ್ಲಿ ಮೇರಿ ಸೀಟನ್ ಮತ್ತು ಮೇರಿ ಬೀಟನ್ ಇವರ ಹೆಣ್ಣುಮಕ್ಕಳು. 1548ರಲ್ಲಿ ಬಾಲರಾಣಿಯ ಜೊತೆ ಫ್ರಾನ್ಸಿಗೆ ಹೋದಾಗ ಇಬ್ಬರಿಗೂ ಅದು ತಾಯಿಯ ತವರು.

ಚೆಂದದ ಕಥೆಗಳನ್ನು ಜರಡಿ ಹಿಡಿಯುವುದು

ಜೇಮ್ಸ್ ಆಳಿನ ವೇಷದಲ್ಲಿ ವಾಂದೋಮ್ ಡ್ಯೂಕನ ಮನೆಗೆ ಹೆಣ್ಣು ನೋಡಲು ಹೋದದ್ದು; ಮದ್ಲೆನ್ ಲೀತ್‌ನಲ್ಲಿ ಇಳಿದು ಮಣ್ಣಿಗೆ ಮುತ್ತಿಟ್ಟದ್ದು; ಗೀಜ್ ಮೇರಿ ಲಿನ್‌ಲಿತ್‌ಗೋ ಅರಮನೆಯನ್ನು ಕಂಡು ಬೆರಗಾದದ್ದು. ಮೂರೂ ಎಲ್ಲ ಕಡೆ ಸಿಗುತ್ತವೆ, ಮೂರೂ ಪಿಟ್ಸ್‌ಕಾಟಿಯ ರಾಬರ್ಟ್ ಲಿಂಡ್ಸೆಯ ಚರಿತ್ರೆಯಲ್ಲಿವೆ. ಅವನು ಬರೆದದ್ದು 1570ರ ದಶಕದಲ್ಲಿ, ಘಟನೆಯಾಗಿ ನಲವತ್ತು ವರ್ಷಕ್ಕೆ. ಬಿಸಾಡಬೇಕಿಲ್ಲ, ‘ಪಿಟ್ಸ್‌ಕಾಟಿ ಹೇಳುವಂತೆ’ ಎಂದು ಸೇರಿಸಿ. ಎರಡನೆಯ ಹೆಂಡತಿಯ ತಲೆ ಕಡಿಸಿದ್ದ ಎಂಟನೆಯ ಹೆನ್ರಿಯ ಪ್ರಸ್ತಾಪಕ್ಕೆ ಮೇರಿ ನನ್ನ ಕತ್ತು ಸಣ್ಣದು ಎಂದಳಂತೆ ಎಂಬ ಚಟಾಕಿಗೂ, ಸಾಯುವ ಜೇಮ್ಸ್ ರಾಜವಂಶ ಹೆಣ್ಣಿನಿಂದ ಬಂತು ಹೆಣ್ಣಿನಿಂದಲೇ ಹೋಗುತ್ತದೆ ಎಂದನಂತೆ ಎಂಬ ಮಾತಿಗೂ ಉದ್ಧರಣ ಚಿಹ್ನೆ ಹಾಕಬೇಡಿ. ಇಂಥ ಮಾತು ಸಿಕ್ಕಾಗಲೆಲ್ಲ ಕೇಳಬೇಕಾದದ್ದು ಎರಡೇ: ಬರೆದವನು ಯಾರು, ಎಷ್ಟು ವರ್ಷಕ್ಕೆ ಬರೆದ? ಮಾತು ಚುರುಕಾಗಿದ್ದಷ್ಟೂ ಅನುಮಾನ ಹೆಚ್ಚಿರಲಿ.

ಕೊನೆಯದಾಗಿ, ಕೆಲಸ ಮುಗಿಯಿತೆಂದು ಕಡತ ಮುಚ್ಚುವ ಮುಂಚೆ ಎಲ್ಲ ತಾರೀಕುಗಳನ್ನೂ ಒಂದೇ ಸಾಲಿನಲ್ಲಿ ಬರೆದು ಮೇಲಿಂದ ಕೆಳಗೆ ಓದಿ. ಗೀಜ್ ಮೇರಿ ರಾಜಪ್ರತಿನಿಧಿಯಾಗಿ ಆಳಿ, 1560ರ ಜೂನ್ 11ರಂದು ಎಡಿನ್‌ಬರೋ ಕೋಟೆಯಲ್ಲಿ ತೀರಿಕೊಂಡಳು. ಸೀಸದ ಪೆಟ್ಟಿಗೆಯಲ್ಲಿಟ್ಟ ಶವ ತಿಂಗಳುಗಟ್ಟಲೆ ಕೋಟೆಯಲ್ಲೇ ಉಳಿಯಿತು; ಅದನ್ನು ಹೊರತಂದು ಫ್ರಾನ್ಸಿಗೆ ಹಡಗಿನಲ್ಲಿ ಕಳಿಸಿದ್ದು 1561ರ ಮಾರ್ಚ್ 16ಕ್ಕೆ, ಕಡೆಗೆ ರೀಮ್ಸ್‌ನಲ್ಲಿ ತಂಗಿ ಮುಖ್ಯಸ್ಥೆಯಾಗಿದ್ದ ಮಠದಲ್ಲಿ ಹೂಳಿದರು. ಆ ಮಾರ್ಚ್ 16 ಸ್ಕಾಟ್ಸ್ ಲೆಕ್ಕದಲ್ಲಿ 1560. ವರ್ಷ ತಿದ್ದದೆ ಸಾಲಿನಲ್ಲಿ ಇಟ್ಟರೆ, ರಾಣಿ ಸಾಯುವ ಮೂರು ತಿಂಗಳ ಮುಂಚೆಯೇ ಅವಳ ಶವ ಬಂದರು ಬಿಟ್ಟಿರುತ್ತದೆ.